ಎರಡು ಮಿಡಿತಗಳ ಮಾತುಕತೆ

ಕಸಾರಾ ಮತ್ತು ಕರ್ಜತ್ ಕಡೆಯ ಹಳಿಗಳು ಕಲ್ಯಾಣದಲ್ಲಿ ಕೂಡುತ್ತವೆ. ಎರಡೂ ಕಡೆಯಿಂದ ಗಾಡಿ ಒಟ್ಟಿಗೇ ಬಂದರೆ ಮೊದಲು ಯಾವುದನ್ನು ಬಿಡಬೇಕೆಂದು ಯಾರಾದರೂ ತೀರ್ಮಾನಿಸಲೇಬೇಕು. ಕಂಪ್ಯೂಟರಿನೊಳಗೆ ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ ಚಿಪ್ ಇಂಟೆಲ್ 8259ಎ. ಠಾಣೆ, ಡೊಂಬಿವಲಿ, ನವಿ ಮುಂಬೈಗಳಲ್ಲಿ ಮೈಕ್ರೊಪ್ರೊಸೆಸರ್ ಪಾಠ ಓದಿದ ಎಂಜಿನಿಯರುಗಳಿಗೆ ಈ ಸಂಖ್ಯೆ ಹಳೆಯ ನೆಂಟ.

ಇಪ್ಪತ್ತೆಂಟು ಕಾಲಿನ ಕರಿಯ ಚಿಪ್. ಅದರಲ್ಲಿ ಎಂಟು ಕಾಲುಗಳು ಹೊರಗಿನವರ ಕರೆಗೇ ಮೀಸಲು.

1981ರ ಐಬಿಎಂ ಪಿಸಿಯಲ್ಲಿ ಕೀಲಿಮಣೆಗೆ ಸಿಕ್ಕಿದ್ದು 1ನೇ ತಂತಿ. ಕೀ ಒತ್ತಿದೊಡನೆ ಚಿಪ್ ಪ್ರೊಸೆಸರಿಗೆ ಕೂಗು ಹಾಕುತ್ತದೆ. ಪ್ರೊಸೆಸರ್ ಕೈಯಲ್ಲಿದ್ದ ಆದೇಶ ಮುಗಿಸಿ ಎರಡು ಮಿಡಿತಗಳಲ್ಲಿ ಓಗೊಡುತ್ತದೆ. ಮೊದಲನೆಯದಕ್ಕೆ ಚಿಪ್ ಸರದಿಯನ್ನು ಗಟ್ಟಿಮಾಡಿಕೊಳ್ಳುತ್ತದೆ. ಎರಡನೆಯದಕ್ಕೆ ಕೊಡುವ ಉತ್ತರ ಒಂದೇ ಒಂದು ಅಂಕಿ, 9. ಅದನ್ನು ನಾಲ್ಕರಿಂದ ಗುಣಿಸಿದರೆ 36. ಮೆಮೊರಿಯ ಆ ಮನೆಯಲ್ಲಿ ಕೀಲಿಮಣೆಯನ್ನು ವಿಚಾರಿಸುವ ಪ್ರೋಗ್ರಾಮಿನ ವಿಳಾಸವಿದೆ. ಎಷ್ಟು ಮಿತವಾದ, ಎಷ್ಟು ಚೆಲುವಾದ ಮಾತು!

ಬಿಟ್ಟ ಕೆಲಸದ ಗುರುತನ್ನು ಪ್ರೊಸೆಸರ್ ಸ್ಟ್ಯಾಕಿನಲ್ಲಿ ಜೋಪಾನವಾಗಿ ಇಟ್ಟೇ ಹೊರಡುತ್ತದೆ. ಕೆಲಸ ಮುಗಿಯಿತೆಂದು ಪ್ರೋಗ್ರಾಮು ಚಿಪ್‌ಗೆ ಹೇಳುವವರೆಗೆ ಸರದಿಯಲ್ಲಿ ಕೆಳಗಿರುವ ತಂತಿಗಳು ಕಾಯುತ್ತವೆ. ಅವುಗಳ ಕರೆ ಅಳಿಸಿಹೋಗುವುದಿಲ್ಲ. ಒಳಗಿನ ರಿಜಿಸ್ಟರಿನಲ್ಲಿ ಒಂದೊಂದು ಬಿಟ್ ಆಗಿ ಕುಳಿತಿರುತ್ತದೆ.