ಇಗ್ನಿಷನ್ ಕಾಯಿಲ್: ಪಾಠದ ತಪ್ಪು, ಕೈಪಿಡಿಯ ಮೌನ

ಕಾರಿನ ಇಗ್ನಿಷನ್ ಕಾಯಿಲ್ ಎಂದರೆ ಬ್ಯಾಟರಿಯ 12 ವೋಲ್ಟನ್ನು 20,000 ವೋಲ್ಟಿಗೆ ಏರಿಸುವ ಟ್ರಾನ್ಸ್‌ಫಾರ್ಮರ್ ಎಂದು ತರಗತಿಯಲ್ಲಿ ಹೇಳಿ ಮುಂದೆ ಸಾಗುತ್ತೇವೆ. ನಾನೂ ಹಲವು ವರ್ಷ ಹಾಗೆಯೇ ಹೇಳಿದ್ದೇನೆ. ಈ ವಿವರಣೆಯಲ್ಲಿ ಎರಡು ದೋಷಗಳಿವೆ. ಬ್ಯಾಟರಿ ಕೊಡುವುದು ಏಕಮುಖ ವಿದ್ಯುತ್ತು. ಪ್ರವಾಹ ಬದಲಾಗದಿದ್ದರೆ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡದು. ಇನ್ನು ಎರಡು ಸುರುಳಿಗಳ ಸುತ್ತುಗಳ ಅನುಪಾತ ಸುಮಾರು 1:100. ಗುಣಿಸಿ ನೋಡಿ, ಬರುವುದು 1,200 ವೋಲ್ಟ್ ಮಾತ್ರ.

ಉಳಿದದ್ದು ಎಲ್ಲಿಂದ ಬಂತು? ಪ್ರವಾಹವನ್ನು ಥಟ್ಟನೆ ಕಡಿಯುವುದರಿಂದ. ಪ್ರಾಥಮಿಕ ಸುರುಳಿಯ ರೋಧ 3 ಓಮ್ ಇದ್ದರೆ ಅದರಲ್ಲಿ 4 ಆಂಪೇರ್ ಹರಿಯುತ್ತದೆ. ಪಾಯಿಂಟುಗಳು ತೆರೆದೊಡನೆ ಕಾಂತಕ್ಷೇತ್ರ ಕುಸಿದು, ಸ್ವಪ್ರೇರಣೆಯಿಂದ ಆ ಸುರುಳಿಯಲ್ಲೇ ಸುಮಾರು 300 ವೋಲ್ಟ್ ಉಂಟಾಗುತ್ತದೆ. ಅದರ ನೂರು ಪಟ್ಟು ಪ್ಲಗ್ಗಿನಲ್ಲಿ ಕಿಡಿ ಹಾರಿಸಲು ಸಾಕು. ಪಾಯಿಂಟುಗಳ ನಡುವೆಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ಕಂಡೆನ್ಸರ್ ತಡೆಯುತ್ತದೆ.

ಇದು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಪದ್ಮಿನಿ ಕಾರಿನ ಪಾಯಿಂಟುಗಳನ್ನು ತೆಗೆದು, ಪೇಟೆಯಲ್ಲಿ ಸಿಗುವ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಜೋಡಿಸಿದ. ಕಾರು ಚೆನ್ನಾಗಿಯೇ ಓಡಿತು. ಒಂದು ದಿನ ಎಂಜಿನ್ ನಿಂತಿದ್ದಾಗ ಕೀ ಆನ್ ಮಾಡಿ ಅರ್ಧ ಗಂಟೆ ರೇಡಿಯೊ ಕೇಳಿದ. ಕಾಯಿಲ್ ಮುಟ್ಟಲಾರದಷ್ಟು ಕಾದು, ಕಿಟ್ ಸುಟ್ಟುಹೋಯಿತು. ‘ಸಾರ್, ಬರೀ 12 ವೋಲ್ಟ್ ಏನು ಮಾಡೀತು ಅಂದುಕೊಂಡೆ’ ಎಂದ. ಆ ಮಾತಿನಲ್ಲಿ ನನ್ನ ಪಾಠವೇ ಕೇಳಿಸಿತು. 12 ವೋಲ್ಟ್, 4 ಆಂಪೇರ್ ಎಂದರೆ 48 ವ್ಯಾಟ್; ಒಂದು ಬೆಸುಗೆ ಕಡ್ಡಿಯನ್ನು ಕಾಯಿಸುವಷ್ಟು.

ಅವನು ತಂದು ತೋರಿಸಿದ ಕಿಟ್ಟಿನ ಕೈಪಿಡಿಯನ್ನು ಓದಿದೆ. ಮೊದಲು ಬ್ಯಾಟರಿಯ ತಂತಿ ಕಳಚಿ ಎಂಬ ಸೂಚನೆ ಅದರಲ್ಲಿದೆ, ಅದು ಮೆಚ್ಚತಕ್ಕದ್ದು. ಮಿಕ್ಕದ್ದೆಲ್ಲ ಬಣ್ಣಗಳ ಪಟ್ಟಿ: ಕೆಂಪು ತಂತಿ ಕಾಯಿಲಿನ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಏಕೆ ಎಂಬುದಕ್ಕೆ ಉತ್ತರವಿಲ್ಲ. ಕೆಲವು ಕಾರುಗಳಲ್ಲಿ ಕಾಯಿಲಿಗೆ ಮೊದಲು ಬ್ಯಾಲಸ್ಟ್ ರೋಧಕವಿರುತ್ತದೆ. ಅಲ್ಲಿ ಕಿಟ್ಟಿಗೆ ಪೂರ್ಣ 12 ವೋಲ್ಟ್ ಸಿಗಬೇಕಾದರೆ ಕೆಂಪು ತಂತಿಯನ್ನು ರೋಧಕಕ್ಕಿಂತ ಮುಂಚೆ, ಕೀ ಕಡೆಗೆ ಸೇರಿಸಬೇಕು. ಹಳೆಯ ಮಾರಿಸ್ ಮೈನರ್‌ನಂಥ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಸೇರಿರುತ್ತಿತ್ತು. ಅಂಥವುಗಳಿಗೆ ಸಾಮಾನ್ಯ ಕಿಟ್ ಹಾಕಿದರೆ ಟ್ರಾನ್ಸಿಸ್ಟರ್ ಕೆಡುತ್ತದೆ. ‘ಹೆಚ್ಚು ಶಕ್ತಿ’ಯ ಆಸೆಗೆ 0.6 ಓಮ್ ಕಾಯಿಲ್ ಹಾಕಿದರೆ ಪ್ರವಾಹ 20 ಆಂಪೇರಿನವರೆಗೆ ಏರಬಹುದು. ಇವೆಲ್ಲ ಓಮ್ ನಿಯಮದಷ್ಟೇ ಸರಳ. ಆದರೆ ಬಣ್ಣ ನೋಡಿ ಜೋಡಿಸುವವನಿಗೆ ತಿಳಿಯುವ ದಾರಿಯೇ ಇಲ್ಲ.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಒಂದು ಹಳೆಯ ಕಾಯಿಲನ್ನು ತರಗತಿಗೆ ತನ್ನಿ. ಬ್ಯಾಟರಿ ಬೇಡ, ಕಿಡಿ ಹಾರಿಸುವುದೂ ಬೇಡ. ಮಲ್ಟಿಮೀಟರಿನಿಂದ ಪ್ರಾಥಮಿಕ ಸುರುಳಿಯ ರೋಧವನ್ನು ಅಳೆಯಿಸಿ, ಪ್ರವಾಹವನ್ನೂ ವ್ಯಾಟನ್ನೂ ಮಕ್ಕಳಿಂದಲೇ ಲೆಕ್ಕ ಹಾಕಿಸಿ. ತಂತಿ ಜೋಡಿಸುವ ಮೊದಲು ಲೆಕ್ಕ ಹಾಕುವ ಅಭ್ಯಾಸ ಅಲ್ಲಿಂದ ಬರಲಿ.