ಕಾಲಮಿತಿಯ ರೈಲು

ಮೈಸೂರು, ಅರಸೀಕೆರೆ, ಹುಬ್ಬಳ್ಳಿಯವರ ರೈಲು ನೆನಪುಗಳಲ್ಲಿ ಕಲ್ಲಿದ್ದಲ ಹೊಗೆ ಇರುತ್ತದೆ. ಕುಂದಾಪುರ ಸೀಮೆಯವರಿಗೆ ಆ ಭಾಗ್ಯವಿಲ್ಲ. ಇಲ್ಲಿಗೆ ರೈಲು ಬಂದದ್ದೇ 1990ರ ದಶಕದಲ್ಲಿ, ಬಂದದ್ದೇ ಡೀಸೆಲ್ ಎಂಜಿನ್ನಿನ ಹಿಂದೆ. ರೋಹಾದಿಂದ ಮಂಗಳೂರಿನವರೆಗಿನ ಕೊಂಕಣ ರೈಲ್ವೆ ಹಾದಿ ಪೂರ್ತಿ ತೆರೆದದ್ದು 1998ರಲ್ಲಿ. ಪೂರ್ತಿ ವಿದ್ಯುದೀಕರಣವಾದದ್ದು 2022ರಲ್ಲಿ. ನಡುವಿನದು ಕಾಲು ಶತಮಾನವೂ ತುಂಬದ ಕಾಲ. ಆದರೂ ಅದಕ್ಕೊಂದು ಹಂಬಲ ಆಗಲೇ ಹುಟ್ಟಿದೆ. ಎಂಜಿನ್ ಸದ್ದನ್ನು ಹಿಡಿದಿಟ್ಟ ವಿಡಿಯೋಗಳು, ಕಂಪ್ಯೂಟರ್ ಸಿಮ್ಯುಲೇಟರಿನ ಹಾದಿಗಳು, ಮೇಜಿನ ಮೇಲೆ ಓಡುವ ಕಿರು ಮಾದರಿಗಳು ಅದರ ರೂಪಗಳು.

ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಮಾದರಿ ಕಟ್ಟುವವನು ಎದುರಿಸುವುದು ಕಥೆಗಾರನ ಕಷ್ಟವನ್ನೇ: ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು? ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ ಮೂಲದ 87ನೇ ಒಂದು ಭಾಗ. 22 ಬೋಗಿಗಳ ಗಾಡಿಗೆ ಆಗಲೂ ಸುಮಾರು ಆರು ಮೀಟರ್ ಬೇಕು. ಕುಂದಾಪುರದಿಂದ ಬೈಂದೂರಿನವರೆಗಿನ ಹಾದಿಯನ್ನು ಇದ್ದ ಹಾಗೆ ಇಳಿಸಿದರೆ ಮುನ್ನೂರು ಮೀಟರ್ ದಾಟುತ್ತದೆ. ಹಳಿಯ ಅಗಲವೂ ಸುಳ್ಳೇ: ನಮ್ಮ 1,676 ಮಿಲಿಮೀಟರಿನ ಬ್ರಾಡ್‌ಗೇಜ್ 19 ಮಿಲಿಮೀಟರಿಗಿಂತ ತುಸು ಹೆಚ್ಚಾಗಬೇಕು, ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5. ಇನ್ನೊಂದು ತಮಾಷೆಯಿದೆ. ಹೊಗೆಯ ಯುಗವನ್ನು ನೆನೆಯುವ ಆ ಪುಟ್ಟ ಡೀಸೆಲ್ ಎಂಜಿನ್ ಓಡುವುದು ವಿದ್ಯುತ್ತಿನಿಂದ, ಅದರ ಗುಡುಗು ಬರುವುದು ಚಿಪ್ಪಿನಿಂದ.

ಇವು ದೋಷಗಳಲ್ಲ, ಕಲೆಯ ಕರಾರುಗಳು. ಇಡೀ ರಾತ್ರಿಯ ಆಟವನ್ನು ಮೂರು-ನಾಲ್ಕು ಗಂಟೆಗೆ ಇಳಿಸುವ ಕಾಲಮಿತಿ ಯಕ್ಷಗಾನ ಕಂಡವರಿಗೆ ಇದು ಹೊಸತೇನಲ್ಲ. ಅಲ್ಲಿಯೂ ಪ್ರಶ್ನೆ ಎಷ್ಟು ಕತ್ತರಿಸಿದರು ಎಂಬುದಲ್ಲ, ಯಾವುದನ್ನು ಎಂಬುದು. ಪೂರ್ವರಂಗ ಹೋಗುತ್ತದೆ, ಯುದ್ಧ ಉಳಿಯುತ್ತದೆ.

ರೈಲಿನ ಮಾದರಿಯಲ್ಲೂ ಉಳಿಯುವುದು ಯುದ್ಧವೇ. ಗಾಡಿ ಸುರಂಗದಿಂದ ಹೊರಬೀಳುತ್ತದೆ, ಸೇತುವೆ ದಾಟುತ್ತದೆ, ಹಾರ್ನ್ ಹೊಡೆಯುತ್ತದೆ, ಮತ್ತೆ ಅದೇ ಸುತ್ತು. ವಿಡಿಯೋಗಳೂ ಪೂರ್ಣ ವೇಗದಲ್ಲಿ ನಿಲ್ದಾಣ ದಾಟುವ ಗಾಡಿಯನ್ನೇ ಮೆಚ್ಚುತ್ತವೆ. ಹಾಗೆ ಕತ್ತರಿಸಿಹೋದದ್ದು ಕಾಯುವಿಕೆ. ಒಂಟಿ ಹಳಿಯ ಈ ಹಾದಿಯಲ್ಲಿ ಎದುರಿನ ಗಾಡಿ ಬಂದು ದಾಟುವವರೆಗೆ ಪಕ್ಕದ ಹಳಿಯಲ್ಲಿ ನಿಲ್ಲುವುದು ಪ್ರಯಾಣದ ಅರ್ಧ ಅನುಭವ. ಮತ್ಸ್ಯಗಂಧದಲ್ಲಿ ಮುಂಬಯಿಯ ಹೋಟೆಲು ಕೆಲಸಕ್ಕೆ ಹೋಗಿಬರುತ್ತಿದ್ದವರಿಗೆ ಡೀಸೆಲ್ ಯುಗವೆಂದರೆ ಮೊದಲಿಗೆ ಅದೇ: ಫ್ಯಾನಿನ ಕೆಳಗೆ ಬೆವರು, ಹೊರಗೆ ಕತ್ತಲು, ದೂರದಲ್ಲಿ ಆಫಾಗದೆ ಗುರುಗುಡುತ್ತಲೇ ಇರುವ ಎಂಜಿನ್.

ನಮ್ಮ ನಿಲ್ದಾಣಗಳ ಸ್ವಭಾವವೂ ಈ ಮಾದರಿಗಳಲ್ಲಿ ಕಳೆದುಹೋಗುತ್ತದೆ. ಮಾದರಿಯಲ್ಲಿ ನಿಲ್ದಾಣದ ಎದುರೇ ಊರು. ಕುಂದಾಪುರದ ನಿಲ್ದಾಣವಿರುವುದು ಪೇಟೆಯಿಂದಾಚೆ ಮೂಡ್ಲಕಟ್ಟೆಯಲ್ಲಿ. ಬ್ರಹ್ಮಾವರದವರು ರೈಲು ಹತ್ತಲು ಬಾರ್ಕೂರಿಗೆ ಹೋಗಬೇಕು. ಬೈಂದೂರಿನ ಫಲಕದಲ್ಲಿ ಊರಿನ ಹೆಸರಿಗಿಂತ ಮೊದಲು ಕೊಲ್ಲೂರು ಯಾತ್ರಿಕರಿಗಾಗಿ ‘ಮೂಕಾಂಬಿಕಾ ರೋಡ್’ ಇದೆ. ರೈಲು ಇಲ್ಲಿ ಊರನ್ನು ಬಳಸಿಕೊಂಡು ಹೋಗುತ್ತದೆ. ಕೊನೆಯ ಆ ಕೆಲವು ಕಿಲೋಮೀಟರು ಅವರವರ ಪಾಡು. ಆ ಆಟೋಸ್ಟ್ಯಾಂಡ್ ಇಲ್ಲದ ಮಾದರಿ ಯಾವ ಊರಿನದಾದರೂ ಆಗಬಹುದು.

ಹಂಬಲದ ಗಡಿಯನ್ನು ಎಂಜಿನ್ನಿನ ಮೇಲೆ ಎಳೆದಾಗ ಇನ್ನೊಂದು ಎಡವಟ್ಟಾಗುತ್ತದೆ. 2022ರಲ್ಲಿ ಬದಲಾದದ್ದು ಸದ್ದು, ಹೊಗೆ, ತಲೆಯ ಮೇಲಿನ ತಂತಿ. ಹೊಗೆ ಹೋದದ್ದು ಒಳ್ಳೆಯದೇ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೇಳುವವನಿಗೆ ಸಂಗೀತವಾದ ಸದ್ದು ಎಂಜಿನ್ನಿನೊಳಗೆ ದುಡಿಯುವವರಿಗೆ ದಿನದ ಕಿವಿನೋವು. ಆದರೆ ಹಳಿ ಇಲ್ಲಿ ಇನ್ನೂ ಒಂಟಿಯೇ. ಕಾಯುವವರು ಇನ್ನೂ ಕಾಯುತ್ತಾರೆ. ಮುಗಿದುಹೋದ ಯುಗವೆಂದು ನಾವು ಗಾಜಿನ ಕಪಾಟಿನಲ್ಲಿಟ್ಟದ್ದರ ದೊಡ್ಡ ಪಾಲು ಮುಗಿದೇ ಇಲ್ಲ.

ಇದರಿಂದ ಈ ಕಲೆಯನ್ನು ಹೀಗಳೆದಂತಾಗಬೇಕಿಲ್ಲ. ಅದು ಎಂಜಿನ್ನಿನ ಬಣ್ಣಕ್ಕೆ ಕೊಡುವ ನಿಷ್ಠೆಯನ್ನು ಪ್ರಯಾಣಿಕನಿಗೂ ಕೊಡಲಿ ಎಂಬುದಷ್ಟೇ ಕೋರಿಕೆ. ಹಾದಿಯನ್ನು ಸುತ್ತು ಹಾಕಿಸದೆ ಬಾರ್ಕೂರಿನಂಥ ಒಂದೇ ನಿಲ್ದಾಣವನ್ನು ಕಟ್ಟಬಹುದು: ಜಂಬಿಟ್ಟಿಗೆ ಮಣ್ಣು, ಮಳೆ ನಿಂತ ಪ್ಲಾಟ್‌ಫಾರ್ಮು, ಕೆಂಪು ಸಿಗ್ನಲ್, ಬಾಗಿಲಲ್ಲಿ ಕಾಲು ಇಳಿಬಿಟ್ಟು ಕುಳಿತ ಇಬ್ಬರು. ಗಾಡಿ ನಿಂತೇ ಇರಲಿ. ಎಲ್ಲ ಸರಿಯಾಗಿದ್ದರೆ, ನೋಡುವವನು ಒಂದು ಕ್ಷಣ ಬಗ್ಗಿ ಎದುರಿನ ಗಾಡಿ ಬಂತೇ ಎಂದು ಹಳಿಯ ಆ ತುದಿಯನ್ನು ನೋಡುತ್ತಾನೆ.