ಬಿಸುಟ ಬಟ್ಟೆಯ ಕಲೆ: ಕೌದಿಯನ್ನು ಕುರಿತು ಒಂದು ವಿವೇಚನೆ

ಬಿಸುಟ ವಸ್ತುಗಳಿಂದ ಕಲಾಕೃತಿಯನ್ನು ನಿರ್ಮಿಸುವುದು ಇಪ್ಪತ್ತನೆಯ ಶತಮಾನದ ಕಲಾವಿದರ ಶೋಧವೆಂದು ಕಲಾಚರಿತ್ರೆಗಳು ಸಾಮಾನ್ಯವಾಗಿ ನಿರೂಪಿಸುತ್ತವೆ. ಪಿಕಾಸೊ 1942ರಲ್ಲಿ ಹಳೆಯ ಸೈಕಲ್ಲಿನ ಆಸನವನ್ನೂ ಹಿಡಿಕೆಯನ್ನೂ ಜೋಡಿಸಿ ಗೂಳಿಯ ತಲೆಯನ್ನು ಮಾಡಿದುದು ಪ್ರಸಿದ್ಧ ನಿದರ್ಶನ. ನಮ್ಮ ದೇಶದಲ್ಲಿ ನೇಕ್ ಚಂದ್ ಅವರು ಒಡೆದ ಪಿಂಗಾಣಿ, ಬಳೆಚೂರುಗಳಿಂದ ರೂಪಿಸಿದ ಚಂಡೀಗಢದ ಶಿಲೋದ್ಯಾನವು 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇವುಗಳ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಲವಾಗಲಿನಂತಹ ಊರುಗಳ ಮನೆಗಳಲ್ಲಿ ಹೊದ್ದು ಮಡಿಸಿಡುವ ಕೌದಿಯನ್ನು ಈ ಚರ್ಚೆಯಿಂದ ಹೊರಗಿಟ್ಟಿರುವುದು ನ್ಯಾಯವೆನಿಸದು.

ಕೌದಿಯು ಕೇವಲ ಮಿತವ್ಯಯದ ಫಲವೆಂದು ಕೆಲವರು ಹೇಳಬಹುದು. ಉಟ್ಟು ಜೀರ್ಣವಾದ ಸೀರೆ, ಧೋತರ, ಕುಪ್ಪಸಗಳ ಗಟ್ಟಿ ಭಾಗಗಳನ್ನು ಕತ್ತರಿಸಿ, ಪದರವಾಗಿ ಹಾಸಿ, ಸಾಲುಸಾಲಾಗಿ ಹೊಲಿಯುವುದರಲ್ಲಿ ಮಿತವ್ಯಯವಿದೆ, ನಿಜ. ಆದರೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಮಹಿಳೆಯರು ತಮ್ಮ ಕೌದಿಗಳ ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನು ಕೂಡಿಸುತ್ತಾರೆ. ಆ ಹೂವಿನಿಂದ ಚಳಿ ಕಡಿಮೆಯಾಗದು. ಅದು ಕಣ್ಣಿನ ತೃಪ್ತಿಗಾಗಿಯೇ ಇರುವುದು.

ಈಚೆಗೆ ಕೌದಿಗಳಿಗೆ ಪ್ರದರ್ಶನಶಾಲೆಗಳಲ್ಲಿ ಸ್ಥಾನ ದೊರೆಯುತ್ತಿರುವುದು ಸಂತೋಷದ ವಿಷಯ. ಆದರೂ ಅಲ್ಲಿ ಬಣ್ಣದ ಹೊಂದಿಕೆಯನ್ನು ಕೊಂಡಾಡುವವರು ಬಟ್ಟೆ ಯಾರದೆಂದು ಕೇಳುವುದು ವಿರಳ. ಸೈಕಲ್ಲಿನ ಆಸನ ಯಾರದಾಗಿದ್ದರೂ ಪಿಕಾಸೊವಿನ ಕೃತಿಗೆ ಕೊರತೆಯಿಲ್ಲ. ಅಲ್ಲಿ ವಸ್ತುವು ಬಳಕೆಯಿಂದ ಬಿಡುಗಡೆ ಹೊಂದಿ ಕಲೆಯಾಯಿತು. ಕೌದಿಯಲ್ಲಾದರೋ ವಸ್ತುವು ಮತ್ತೆ ಬಳಕೆಗೆ ಮರಳುತ್ತದೆ. ಅಜ್ಜಿಯ ಸೀರೆ ಮೊಮ್ಮಗುವಿನ ಹೊದಿಕೆಯಾಯಿತೆಂಬುದನ್ನು ಮರೆತರೆ ಆ ಕೃತಿಯ ಅರ್ಧ ಅರ್ಥವೇ ಲೋಪವಾದಂತೆ.

ಇಲ್ಲಿ ಇತಿಹಾಸಕಾರರಾದ ನಮ್ಮ ಹೊಣೆಯೂ ಇದೆ. ಹಲವಾಗಲು ಸೇರಿರುವ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೂ, 2018ರಲ್ಲಿ ಮರಳಿ ಬಳ್ಳಾರಿಗೂ, 2021ರಲ್ಲಿ ವಿಜಯನಗರ ಜಿಲ್ಲೆಗೂ ಸೇರಿತು. ಇವೆಲ್ಲವೂ ಸರ್ಕಾರದ ಕಡತಗಳಲ್ಲಿವೆ. ಅದೇ ಅವಧಿಯಲ್ಲಿ ಆ ಸೀಮೆಯ ಹೆಣ್ಣುಮಕ್ಕಳು ಏನನ್ನು ಉಟ್ಟರು, ಏನನ್ನು ಉಳಿಸಿದರು ಎಂಬುದಕ್ಕೆ ಕೌದಿಯೇ ಕಡತ. ಆದರೆ ಈ ಕಡತವನ್ನು ಓದಿ ಹೇಳಬಲ್ಲವಳು ಹೊಲಿದಾಕೆಯೊಬ್ಬಳೇ. ಅವಳ ತರುವಾಯ ಅದು ಬರಿಯ ಬಣ್ಣದ ಬಟ್ಟೆ. ಆದುದರಿಂದ ವಸ್ತುಸಂಗ್ರಹಾಲಯಗಳು ಕೌದಿಯನ್ನು ಪಡೆಯುವಾಗ ಅಳತೆಯೊಡನೆ ಹೊಲಿದಾಕೆಯ ಹೆಸರನ್ನೂ ಒಂದೊಂದು ತುಂಡಿನ ಪೂರ್ವವೃತ್ತಾಂತವನ್ನೂ ಬರೆದುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಶಾಸನದ ಒಂದು ಸವೆದ ಅಕ್ಷರಕ್ಕಾಗಿ ವರ್ಷಗಟ್ಟಲೆ ವಾದಿಸುವ ನಮಗೆ ಇಷ್ಟು ಶ್ರಮ ಹೆಚ್ಚಿನದಾಗಲಾರದು.